ಹತ್ತರ ಲೆಕ್ಕ, ಕುಲದ ಲೆಕ್ಕ: ಮಂಗೋಲ್ ದಂಡು ಕಟ್ಟಿದ್ದು ಹೇಗೆ, ಬಿರುಕು ಬಿಟ್ಟಿದ್ದು ಎಲ್ಲಿ

ಮಂಗೋಲರು ಜಗತ್ತು ಗೆದ್ದದ್ದು ಮಳೆಯಿಂದ ಎಂಬ ವಾದ ಕಳೆದೊಂದು ದಶಕದಿಂದ ಜೋರಾಗಿದೆ. 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಮಂಗೋಲಿಯಾದ ಖಾಂಗಾಯ್ ಬೆಟ್ಟಸಾಲಿನ ಲಾವಾ ನೆಲದಲ್ಲಿ ಉಳಿದಿದ್ದ ಹಳೆಯ ಪೈನ್ ಮರಗಳ ಉಂಗುರಗಳನ್ನು ಅಳೆದು, 1211ರಿಂದ 1225ರವರೆಗೆ ಹದಿನೈದು ವರ್ಷ ಅಲ್ಲಿ ಒಂದೇ ಸಮನೆ ವಾಡಿಕೆಗಿಂತ ಹೆಚ್ಚು ತೇವವಿತ್ತು ಎಂದು ತೋರಿಸಿತು. ಹುಲ್ಲು ಬೆಳೆಯಿತು, ಕುದುರೆ ಹೆಚ್ಚಿದವು, ಹೊರಟೇಬಿಟ್ಟರು ಎನ್ನುವ ಮಟ್ಟಕ್ಕೆ ಈ ಮಾತು ಈಗ ಯೂಟ್ಯೂಬ್ ವಿಡಿಯೊಗಳಲ್ಲಿ ಇಳಿದಿದೆ. ಸಂಶೋಧಕರು ಅಷ್ಟು ಸಲೀಸಾಗಿ ಹೇಳಿರಲಿಲ್ಲ, ಅದು ಬೇರೆ ಮಾತು.

ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ತೊಡಕು ಕಾಣುತ್ತದೆ. ಅದೇ ಮರಗಳ ಪ್ರಕಾರ 1180, 1190ರ ದಶಕಗಳಲ್ಲಿ ಅಲ್ಲಿ ಬರ. ತೆಮುಜಿನ್ ಎಂಬ ಸರದಾರ ಒಬ್ಬೊಬ್ಬರನ್ನಾಗಿ ಎದುರಾಳಿಗಳನ್ನು ಮುಗಿಸಿ, ಓನೊನ್ ನದಿಯ ತಲೆಯಲ್ಲಿ ಕುರುಲ್ತಾಯ್ ಸಭೆ ಸೇರಿಸಿ ಚೆಂಗಿಸ್ ಖಾನ್ ಎನಿಸಿಕೊಂಡದ್ದು 1206ರಲ್ಲಿ. ಮಳೆ ಹಿಡಿದದ್ದು ಅದಾದ ಐದು ವರ್ಷಕ್ಕೆ. ಅಂದರೆ ದಂಡು ತಯಾರಾದ ಮೇಲೆ ಮೇವು ಬಂತು. ಇನ್ನೊಂದು ವಿಷಯ: ನೈಮನ್, ಕೆರೆಯಿತ್, ಮೆರ್ಕಿತ್, ತಾತಾರ್ ಎಲ್ಲರೂ ಅದೇ ಹುಲ್ಲುಗಾವಲಿನವರು. ಕೊಂಬು, ನರ, ಮರ ಸೇರಿಸಿ ಅಂಟಿಸಿದ ಅದೇ ಬಿಲ್ಲು, ಹಿಮ ಕೆದರಿ ಹುಲ್ಲು ಮೇಯುವ ಅದೇ ಗಿಡ್ಡ ಕುದುರೆ ಎಲ್ಲರ ಬಳಿಯೂ ಇದ್ದವು. ಹತ್ತರ ಗುಂಪಿನ ಪಡೆಯೂ ಹೊಸದಲ್ಲ. ಚೀನಾದ ಹಾನ್ ಅರಸರಿಗೆ ಕಾಟ ಕೊಟ್ಟ ಶಿಯೋಂಗ್ನು ಜನರ ಕಾಲದಿಂದಲೂ ಅದು ಹುಲ್ಲುಗಾವಲಿನ ವಾಡಿಕೆ. ಹೊಸದಾಗಿದ್ದದ್ದು ಒಂದೇ: ಯಾವ ಸವಾರ ಯಾರಿಗೆ ಉತ್ತರ ಕೊಡಬೇಕು ಎಂಬುದನ್ನು ಹುಟ್ಟಿನಿಂದ ಬಿಡಿಸಿ ಹಾಕಿದ್ದು.

ಲೂಟಿಯ ತಕರಾರು

ಹುಲ್ಲುಗಾವಲಿನ ಪಡೆಗಳು ಸಾಮಾನ್ಯವಾಗಿ ಸೋಲುತ್ತಿದ್ದದ್ದು ಗೆಲ್ಲುವ ಹೊತ್ತಿಗೆ. ಎದುರಾಳಿಯ ಗುಡಾರ ಕಣ್ಣಿಗೆ ಬಿದ್ದ ಕೂಡಲೇ ಪ್ರತಿ ಕುಲದ ಯಜಮಾನ ತನ್ನವರನ್ನು ಕಟ್ಟಿಕೊಂಡು ದನ, ಕುದುರೆ, ಹೆಣ್ಣುಗಳ ಕಡೆ ತಿರುಗುತ್ತಿದ್ದ. ಓಡಿದವರು ಗುಂಪುಗೂಡಿ ಮರಳಿ ಬಿದ್ದರೆ ಆಟ ಮುಗಿಯಿತು. 1202ರಲ್ಲಿ ತಾತಾರರ ಮೇಲೆ ಹೊರಡುವ ಮುಂಚೆ ತೆಮುಜಿನ್ ಎರಡು ಕಟ್ಟಳೆ ಹಾಕಿದ. ಗೆಲುವು ಪೂರ್ತಿಯಾಗುವ ತನಕ ಯಾರೂ ಲೂಟಿಗೆ ಇಳಿಯಬಾರದು, ಗೆದ್ದ ಮೇಲೆ ಎಲ್ಲವನ್ನೂ ಸೇರಿಸಿ ಹಂಚುವುದು. ಹಿಮ್ಮೆಟ್ಟಬೇಕಾಗಿ ಬಂದರೆ ದಾಳಿ ಶುರುವಾದ ಜಾಗಕ್ಕೇ ಮರಳಿ ಸೇರಬೇಕು, ಸೇರದವನ ತಲೆ ಹೋಗುತ್ತದೆ.

ಕಟ್ಟಳೆ ಮುರಿದವರು ಮೂವರು: ಚಿಕ್ಕಪ್ಪ ದಾರಿತಾಯ್, ದೊಡ್ಡಪ್ಪನ ಮಗ ಕುಚರ್, ಹಿಂದಿನ ಖಾನನ ಮಗ ಆಲ್ತನ್. ಹಿಂದೊಮ್ಮೆ ತೆಮುಜಿನ್‌ನನ್ನು ತಮ್ಮ ಖಾನ್ ಎಂದು ಎತ್ತಿ ಹಿಡಿದವರ ಸಾಲಿನವರೇ ಇವರು. ಜೆಬೆ, ಕುಬಿಲಾಯ್ (ಮುಂದಿನ ಕಾಲದ ಚಕ್ರವರ್ತಿಯಲ್ಲ, ಅದೇ ಹೆಸರಿನ ಸರದಾರ) ಇಬ್ಬರನ್ನೂ ಕಳಿಸಿ ಅವರು ಹೊಡೆದುಕೊಂಡಿದ್ದನ್ನೆಲ್ಲ ಕಸಿಸಲಾಯಿತು. ರಕ್ತಸಂಬಂಧಿಗಳ ಗಂಟನ್ನು ಕಸಿಯಲು ಹೋದವರಲ್ಲಿ ಜೆಬೆ ಎಂಬವನು ಕೆಲಕಾಲದ ಹಿಂದಷ್ಟೇ ಶತ್ರುಪಾಳಯದಲ್ಲಿ ನಿಂತು ಬಾಣ ಬಿಟ್ಟವನು. ಬಂಧುಗಳಿಗೆ ಇದು ಸಹ್ಯವಾಗಲಿಲ್ಲ. ಮೆಲ್ಲಗೆ ಕೆರೆಯಿತರ ಓಂಗ್ ಖಾನನ ಕಡೆ ಸರಿದರು. ಮರುವರ್ಷ ಕಲಕಲ್ಜಿತ್ ಮರಳುಗಾಡಿನ ಕಾಳಗದಲ್ಲಿ ತೆಮುಜಿನ್ ಬಹುತೇಕ ನೆಲಕಚ್ಚಿ ಬಲ್ಜುನಾ ಎಂಬ ಕೆಸರು ನೀರಿನ ಬದಿಗೆ ಓಡಬೇಕಾಯಿತು. ಶಿಸ್ತಿಗೆ ತೆತ್ತ ಬೆಲೆ ಅದು. ಆದರೆ ಅಲ್ಲಿಗೆ ಒಂದು ಲೆಕ್ಕ ಇತ್ಯರ್ಥವಾಯಿತು: ಬಂಧುಗಳನ್ನು ನೆಚ್ಚಿಕೊಂಡು ಪಡೆ ಕಟ್ಟಲು ಆಗದು.

1204ರಲ್ಲಿ ನೈಮನರ ಮೇಲೆ ಹೊರಡುವ ಮುನ್ನ ಇದ್ದ ಜನರನ್ನೆಲ್ಲ ಎಣಿಸಿ ಹತ್ತು, ನೂರು, ಸಾವಿರದ ತುಕಡಿಗಳಾಗಿ ವಿಂಗಡಿಸಿದ. 1206ರಲ್ಲಿ ಅದೇ ಲೆಕ್ಕವನ್ನು ಇಡೀ ನಾಡಿಗೆ ವಿಸ್ತರಿಸಿ 95 'ಸಾವಿರ'ಗಳನ್ನು ಮಾಡಿದ. ಸೋತ ತಾತಾರ್, ಕೆರೆಯಿತ್, ನೈಮನ್ ಜನರನ್ನು ಒಡೆದು ಬೇರೆ ಬೇರೆಯವರ ಕೈಕೆಳಗೆ ಚೆದುರಿಸಿದ. ತಾವಾಗಿ ಬಂದು ಸೇರಿದವರಿಗೆ ರಿಯಾಯಿತಿ ಇತ್ತು: ಓಂಗುತರ ಐದು ಸಾವಿರ, ಓಂಗಿರತರ ಮೂರು ಸಾವಿರ, ಇಕಿರೇಸರ ಎರಡು ಸಾವಿರ ಅವರವರ ಮುಖ್ಯಸ್ಥರ ಕೈಯಲ್ಲೇ ಉಳಿದವು. ಕುಲವನ್ನು ಪೂರ್ತಿ ಅಳಿಸಿಹಾಕಿದ ಎಂದು ಬರೆಯುವವರು ಈ ಹತ್ತು ಸಾವಿರವನ್ನು ಮರೆಯುತ್ತಾರೆ.

'ಸಾವಿರ' ಎಂದರೆ ಸಾವಿರ ಸೈನಿಕರು ಅಂತ ಓದಿಕೊಳ್ಳುವುದು ಇನ್ನೊಂದು ಎಡವಟ್ಟು. ಅದು ಸಾವಿರ ಸವಾರರನ್ನು ಒದಗಿಸಬೇಕಾದ ಮನೆಗಳ ಗುಂಪು, ಅವರ ಹೆಂಡತಿ ಮಕ್ಕಳು, ಹಿಂಡು, ಮೇಯಿಸುವ ಸೀಮೆ ಎಲ್ಲ ಸೇರಿ. ಸೈನ್ಯದ ತುಕಡಿಯೂ ಅದೇ, ತೆರಿಗೆಯ ಘಟಕವೂ ಅದೇ. ಹದಿನೈದು ದಾಟಿದ ಗಂಡಸು ಎಪ್ಪತ್ತರವರೆಗೆ ಕರೆ ಬಂದಾಗ ಹೊರಡಬೇಕು. ಒಂದು ಸಾವಿರದಿಂದ ಇನ್ನೊಂದಕ್ಕೆ ಹೋಗುವಂತಿಲ್ಲ. ಹೋದವನಿಗೆ ಎಲ್ಲರೆದುರು ಮರಣದಂಡನೆ, ಅವನಿಗೆ ಜಾಗ ಕೊಟ್ಟವನಿಗೂ ಕಠಿಣ ಶಿಕ್ಷೆ ಎಂದು ಪರ್ಷಿಯನ್ ಇತಿಹಾಸಕಾರ ಜುವೈನಿ ದಾಖಲಿಸಿದ್ದಾನೆ. ಕಾಳಗದಲ್ಲಿ ಹತ್ತರಲ್ಲಿ ಒಬ್ಬನೋ ಇಬ್ಬರೋ ಓಡಿದರೆ ಹತ್ತೂ ಜನರನ್ನು ಕೊಲ್ಲುತ್ತಾರೆ ಎಂದು ಪೋಪನ ದೂತನಾಗಿ 1246ರಲ್ಲಿ ಮಂಗೋಲಿಯಾಕ್ಕೆ ಹೋಗಿದ್ದ ಪಾದ್ರಿ ಕಾರ್ಪಿನಿ ಬರೆದಿದ್ದಾನೆ. ಯುರೋಪಿನ ಅರಸರೂ ತಮ್ಮ ಪಡೆಯನ್ನು ಇದೇ ರೀತಿ ಹತ್ತು ನೂರುಗಳಾಗಿ ಕಟ್ಟಿಕೊಳ್ಳಬೇಕು ಎಂಬ ಸಲಹೆಯನ್ನೂ ಸೇರಿಸಿದ್ದಾನೆ.

ಕಾಗದದ ಮೇಲಿನ ಸಂಖ್ಯೆಯನ್ನು ಮಾತ್ರ ಹಾಗೇ ನಂಬಬಾರದು. ಹತ್ತು ಸಾವಿರದ 'ತುಮೆನ್' ಎಂಬುದು ಮುಂದೆ ಚೀನಾ ಆಳಿದ ಮಂಗೋಲರ ಯುವಾನ್ ಆಡಳಿತದಲ್ಲಿ 7,000, 5,000, 3,000 ಎಂಬ ಮೂರು ದರ್ಜೆಗೆ ಇಳಿದಿತ್ತು. 1227ರಲ್ಲಿ ಚೆಂಗಿಸ್ ಸತ್ತಾಗ ಮಂಗೋಲ್ ಪಡೆ ಒಟ್ಟು 1,29,000 ಎಂದು ಇನ್ನೊಬ್ಬ ಪರ್ಷಿಯನ್ ಇತಿಹಾಸಕಾರ ರಶೀದುದ್ದೀನ್ ಲೆಕ್ಕ ಕೊಡುತ್ತಾನೆ: ಖಾಸಾ ಸಾವಿರ ಒಂದು, ಬಲಪಕ್ಕ 38,000, ಎಡಪಕ್ಕ 62,000, ಮಕ್ಕಳು, ತಮ್ಮಂದಿರು ಮತ್ತು ತಾಯಿಯ ಪಾಲಿಗೆ ಕೊಟ್ಟದ್ದು 28,000. ಈ ಕೊನೆಯ 28,000ದ ವಿಷಯಕ್ಕೆ ಮುಂದೆ ಬರಬೇಕಾಗುತ್ತದೆ.

ಕಾವಲುಪಡೆ ಎಂಬ ಪಾಠಶಾಲೆ

ಹತ್ತರ ಲೆಕ್ಕ ಕೆಳಗಿನವರನ್ನು ಹಿಡಿದಿಟ್ಟಿತು. ಮೇಲಿನವರನ್ನು ಹಿಡಿದದ್ದು 'ಕೆಶಿಗ್', ಅಂದರೆ ಖಾನನ ಕಾವಲುಪಡೆ. ಇಡೀ ವ್ಯವಸ್ಥೆಯ ಬುದ್ಧಿವಂತಿಕೆ ಇರುವುದು ಇಲ್ಲೇ ಎಂದು ನನಗನ್ನಿಸುತ್ತದೆ. 1204ರಲ್ಲಿ ಅದು 80 ರಾತ್ರಿ ಕಾವಲಿನವರು, 70 ಹಗಲು ಕಾವಲಿನವರಷ್ಟೇ. 1206ರಲ್ಲಿ ಹತ್ತು ಸಾವಿರಕ್ಕೆ ಏರಿತು: ರಾತ್ರಿಗೆ 1,000, ಬತ್ತಳಿಕೆ ಹೊರುವವರು 1,000, ಹಗಲಿಗೆ 8,000.

ಭರ್ತಿಯ ನಿಯಮ ಹೀಗಿತ್ತು. ಸಾವಿರದ ಸರದಾರನ ಮಗ ಬಂದರೆ ಜೊತೆಗೆ ಒಬ್ಬ ತಮ್ಮ, ಹತ್ತು ಸಂಗಡಿಗರು. ನೂರರವನ ಮಗನಾದರೆ ಒಬ್ಬ ತಮ್ಮ, ಐದು ಜನ. ಹತ್ತರವನ ಮಗನಿಗೂ ಸಾಮಾನ್ಯರ ಮಗನಿಗೂ ಒಬ್ಬ ತಮ್ಮ, ಮೂರು ಜನ. ಅವರ ಕುದುರೆ, ಸಾಮಾನು ಆಯಾ ಸಾವಿರದಿಂದಲೇ ಬರಬೇಕು. ಹೀಗೆ ಪ್ರತಿ ಸರದಾರನ ಮಗ ಖಾನನ ಗುಡಾರದ ಬಾಗಿಲಲ್ಲಿ ಒತ್ತೆಯಾಳಾಗಿಯೂ ಇದ್ದ, ತರಬೇತಿ ಪಡೆಯುವ ಉಮೇದುವಾರನಾಗಿಯೂ ಇದ್ದ. ಕಾವಲಿನ ಸಾಮಾನ್ಯ ಸಿಪಾಯಿಯ ದರ್ಜೆ ಹೊರಗಿನ ಸಾವಿರದ ಸರದಾರನಿಗಿಂತ ಮೇಲು. ಇಬ್ಬರೂ ಜಗಳವಾಡಿದರೆ ತಪ್ಪು ಸರದಾರನದೇ.

ಪಾಳಿ ಮೂರು ದಿನದ್ದು. ಪಾಳಿ ತಪ್ಪಿಸಿದರೆ ಮೊದಲ ಸಲ ಮೂರು ಛಡಿಯೇಟು, ಎರಡನೇ ಸಲ ಏಳು, ಮೂರನೇ ಸಲ ಮೂವತ್ತೇಳು ಏಟು ಕೊಟ್ಟು ದೂರದ ಸೀಮೆಗೆ ಅಟ್ಟುವುದು. ಪಾಳಿ ಬದಲಾದಾಗಲೆಲ್ಲ ಈ ಕಟ್ಟಳೆಯನ್ನು ಓದಿ ಹೇಳಬೇಕು. ಓದಿ ಹೇಳದಿದ್ದರೆ ತಪ್ಪು ಪಾಳಿಯ ಮುಖ್ಯಸ್ಥನದು. ಮುಖ್ಯಸ್ಥ ತನ್ನ ಮನಸ್ಸಿಗೆ ಬಂದಂತೆ ಕೆಳಗಿನವನನ್ನು ಹೊಡೆಯುವಂತಿರಲಿಲ್ಲ. ಖಾನನಿಗೆ ತಿಳಿಸಬೇಕಿತ್ತು. ಅಡುಗೆ, ಕುದುರೆ, ಆಯುಧ, ಗಾಡಿಗಳ ಉಸ್ತುವಾರಿಯೂ ಇವರದೇ. ಯಾವ ಹುಡುಗನ ಕೈಗೆ ಯಾವ ಕೆಲಸ ಒಗ್ಗುತ್ತದೆ ಎಂದು ಖಾನ್ ವರ್ಷಗಟ್ಟಲೆ ಕಣ್ಣಾರೆ ನೋಡಿರುತ್ತಿದ್ದ. ಆಮೇಲೆ ಹೊರಗೆ ಪಡೆ ಕೊಟ್ಟು ಕಳಿಸುತ್ತಿದ್ದ.

ಇದರಿಂದ ಬಂದವರ ಪಟ್ಟಿ ನೋಡಿ. ಸುಬುತಾಯ್ ಮತ್ತು ಅವನಣ್ಣ ಜೆಲ್ಮೆ ಉರಿಯಾಂಖಾಯ್ ಜನರವರು, ಖಾನ್ ಮನೆತನಕ್ಕೂ ಅವರಿಗೂ ರಕ್ತದ ನಂಟಿಲ್ಲ. ಎಡಪಕ್ಕದ ಒಡೆಯ ಮುಕಲಿ ಜಲಾಯಿರ್ ಕುಲದ ಆಳಿನ ಮನೆಯವನು. ಅವನಿಗೆ 1217ರಲ್ಲಿ ಉತ್ತರ ಚೀನಾದ ಯುದ್ಧವನ್ನೇ ಪೂರ್ತಿ ವಹಿಸಿಕೊಟ್ಟು ಚೆಂಗಿಸ್ ಪಶ್ಚಿಮಕ್ಕೆ ತಿರುಗಿದ.

ಪಡೆ ಕೊಟ್ಟು ಕಳಿಸುವಾಗ ಏನು ಹೇಳಿ ಕಳಿಸುತ್ತಿದ್ದ ಎಂಬುದಕ್ಕೆ ಒಂದು ನಮೂನೆ ಉಳಿದಿದೆ. ಓಡಿಹೋದ ಮೆರ್ಕಿತರ ಬೆನ್ನಟ್ಟಲು ಸುಬುತಾಯ್‌ನನ್ನು ಕಳಿಸುವಾಗಿನ ಅಪ್ಪಣೆ ಅದು. ಕುದುರೆ ಬಡಕಲಾಗುವ ಮೊದಲೇ ಅದನ್ನು ಜೋಪಾನ ಮಾಡು, ಬಡಕಲಾದ ಮೇಲೆ ಜೋಪಾನ ಮಾಡಿ ಫಲವಿಲ್ಲ. ಬುತ್ತಿ ಮುಗಿಯುವ ಮೊದಲೇ ಮಿತ ಮಾಡು. ದಾರಿಯಲ್ಲಿ ಬೇಟೆ ಸಿಗುತ್ತದೆ, ಅದರ ಹಿಂದೆ ಪಡೆಯನ್ನು ಬಿಡಬೇಡ, ಬುತ್ತಿಗೆ ಬೇಕಾದಷ್ಟೇ ಸಾಕು. ಬೇಟೆಯ ಹೊತ್ತು ಬಿಟ್ಟರೆ ಬಾಲದಡಿಯ ಪಟ್ಟಿಯನ್ನು ತಡಿಗೆ ಬಿಗಿಯಗೊಡಬೇಡ, ಕಡಿವಾಣ ಬಾಯಿಗೆ ಹಾಕದೆ ಇಳಿಬಿಟ್ಟು ಸಾಗಲಿ, ಆಗ ಯಾರೂ ನಾಗಾಲೋಟಕ್ಕೆ ಬಿಡಲಾರರು. ಮೀರಿದವನನ್ನು ಹೊಡೆ. ನಮಗೆ ಮುಖಪರಿಚಯ ಇದ್ದವನಾದರೆ ಇಲ್ಲಿಗೆ ಕಳಿಸು, ಇಲ್ಲದವನಾದರೆ ಅಲ್ಲೇ ತಲೆ ತೆಗೆ. ಎಲ್ಲಿ ಹೇಗೆ ಕಾದಾಡಬೇಕು ಎಂಬ ಬಗ್ಗೆ ಇದರಲ್ಲಿ ಹೆಚ್ಚಿಗೆ ಏನೂ ಇಲ್ಲ, ಅದು ಸರದಾರನ ವಿವೇಚನೆ. ಕುದುರೆಯ ಬಗ್ಗೆ ಮಾತ್ರ ಪಟ್ಟಿಯ ತನಕ ಅಪ್ಪಣೆ.

ಹುಲ್ಲಿನ ಅಂಕಗಣಿತ

ಅದಕ್ಕೆ ಕಾರಣವಿದೆ. ಒಬ್ಬ ಸವಾರನ ಹಿಂದೆ ಮೂರರಿಂದ ಐದು ಕುದುರೆ. ನಾಲ್ಕೆಂದು ಹಿಡಿದರೂ ಒಂದು ತುಮೆನ್‌ಗೆ 40,000. ಗಿಡ್ಡ ಕುದುರೆಯಾದರೂ ದಿನಕ್ಕೆ ಆರೇಳು ಕಿಲೋ ಒಣಹುಲ್ಲಿನಷ್ಟು ಮೇವು ಬೇಕು. ಏಳರಂತೆ ಗುಣಿಸಿದರೆ ದಿನಕ್ಕೆ 280 ಟನ್. ಗಾಡಿಯಲ್ಲಿ ಸಾಗಿಸುವ ಮಾತೇ ಇಲ್ಲ. ಹಾಗಾಗಿ ಪಡೆ ಒಂದೇ ದಾರಿಯಲ್ಲಿ ಹೋಗಲಾರದು, ಒಂದೇ ಜಾಗದಲ್ಲಿ ನಿಲ್ಲಲಾರದು. ದೂರ ದೂರ ಹರಡಿ ಸಾಗಿ, ಹೊಡೆಯುವ ದಿನಕ್ಕೆ ಒಂದಾಗಬೇಕು. ಜನ ಮೆಚ್ಚುವ ಮಂಗೋಲರ ಬಹುಮುಖ ದಾಳಿಯ ಬೇರು ಅರ್ಧ ಯುದ್ಧಕಲೆಯಲ್ಲಿ, ಅರ್ಧ ಮೇವಿನಲ್ಲಿ. ಹರಡಿ ಹೋದ ತುಕಡಿಗಳು ಹೇಳಿದ ದಿನಕ್ಕೆ ಸೇರುತ್ತವೆ ಎಂಬ ನಂಬಿಕೆ ಇಲ್ಲದಿದ್ದರೆ ಇದು ಆತ್ಮಹತ್ಯೆ. ಆ ನಂಬಿಕೆ ಕೊಟ್ಟದ್ದು ಮೇಲೆ ಹೇಳಿದ ಹತ್ತರ ಲೆಕ್ಕ ಮತ್ತು ಕಾವಲುಪಡೆ. ಚಳಿಗಾಲದ ಆರಂಭದಲ್ಲಿ ನಡೆಯುತ್ತಿದ್ದ ಸುತ್ತುವರಿದ ಬೇಟೆಯೂ ಇದಕ್ಕೇ ತಾಲೀಮು: ಮೈಲಿಗಟ್ಟಲೆ ಬಳಸಿ ನಿಂತ ಸಾಲು ವಾರಗಟ್ಟಲೆ ಒಳಕ್ಕೆ ಸರಿಯುತ್ತ ಬರಬೇಕು, ಮೃಗ ತಪ್ಪಿಸಿಕೊಂಡರೆ ಆ ಜಾಗದ ಹತ್ತರ ಮುಖ್ಯಸ್ಥನಿಗೆ ಪೆಟ್ಟು.

ಮಧ್ಯ ಏಷ್ಯಾದ ಖ್ವಾರಜ್ಮ್ ರಾಜ್ಯದ ಮೇಲಿನ ದಂಡಯಾತ್ರೆ ಇದರ ಸ್ಪಷ್ಟ ಉದಾಹರಣೆ. 1218ರಲ್ಲಿ ಓತ್ರಾರ್ ಪಟ್ಟಣದಲ್ಲಿ ಚೆಂಗಿಸ್ ಕಳಿಸಿದ್ದ ವರ್ತಕರನ್ನು ಕೊಂದದ್ದೇ ನೆಪವಾಗಿ ಮರುವರ್ಷ ಯುದ್ಧ ಶುರು. ಚೆಂಗಿಸ್‌ನ ಮಕ್ಕಳಾದ ಚಗತಾಯ್, ಓಗೆದೆಯ್ ಓತ್ರಾರಿಗೆ ಮುತ್ತಿಗೆ ಹಾಕಿ ಐದು ತಿಂಗಳು ಕೂತರು. ಹಿರಿಮಗ ಜೋಚಿ ಸಿರ್ ದರಿಯಾ ನದಿಗುಂಟ ಕೆಳಗೆ ಜಂದ್ ಕಡೆಗೆ ಹೋದ. ಐದು ಸಾವಿರದ ಸಣ್ಣ ತುಕಡಿ ಬನಾಕತ್, ಖುಜಂದ್ ಕಡೆ ತಿರುಗಿತು. ಚೆಂಗಿಸ್ ಕಿರಿಮಗ ತೊಲುಯ್‌ನೊಡನೆ ಕಿಜಿಲ್‌ಕುಮ್ ಮರುಭೂಮಿ ದಾಟಿ 1220ರ ಫೆಬ್ರವರಿಯಲ್ಲಿ ಬುಖಾರಾದ ಬಾಗಿಲಿಗೆ ಬಂದು ನಿಂತ. ಖ್ವಾರಜ್ಮಿನ ಅರಸ ಶಾಹ್ ಮುಹಮ್ಮದ್ ತನ್ನ ದೊಡ್ಡ ಪಡೆಯನ್ನು ಒಟ್ಟಿಗೆ ಇಟ್ಟುಕೊಳ್ಳದೆ ಪಟ್ಟಣ ಪಟ್ಟಣಕ್ಕೆ ಹಂಚಿದ್ದ. ಒಟ್ಟಿಗೆ ಇಟ್ಟರೆ ಸ್ವಂತ ಸರದಾರರೇ ತಿರುಗಿಬೀಳುವ ಭಯ ಅವನಿಗೆ. ಎರಡೂ ಕಡೆಯ ಪಡೆ ಚೆದುರಿತ್ತು ಎನ್ನಿ, ಒಬ್ಬ ನಂಬಿಕೆಯಿಂದ ಚೆದುರಿಸಿದ, ಇನ್ನೊಬ್ಬ ಅಪನಂಬಿಕೆಯಿಂದ. ಮಾರ್ಚಿನಲ್ಲಿ ಸಮರ್ಕಂದವೂ ಹೋಯಿತು. ಬೆನ್ನಟ್ಟಿದ ಜೆಬೆ, ಸುಬುತಾಯ್‌ರಿಂದ ತಪ್ಪಿಸಿಕೊಂಡು ಶಾಹ್ ಕ್ಯಾಸ್ಪಿಯನ್ ಸಮುದ್ರದ ದ್ವೀಪವೊಂದರಲ್ಲಿ ಸತ್ತ.

ಎಡವಿದ ಜಾಗಗಳೂ ಇದೇ ದಂಡಯಾತ್ರೆಯಲ್ಲಿವೆ. ಶರಣಾದ ಊರುಗಳನ್ನು ಮುಟ್ಟದೆ ಸಾಗಿ ಎಂದು ಹೇಳಿ ಕಳಿಸಿದ್ದರೆ, ಹಿಂದೆ ಬಂದ ತೊಕುಚರ್ ಎಂಬವನು ಅಂಥ ಊರುಗಳನ್ನೇ ಸುಲಿದ. ಅಲ್ಲಿಯ ಒಡೆಯ ತಿರುಗಿಬಿದ್ದು ಶಾಹನ ಮಗ ಜಲಾಲುದ್ದೀನನ ಪಕ್ಷ ಸೇರಿದ. ತೊಕುಚರ್ ತಲೆ ಉಳಿಸಿಕೊಂಡರೂ ಪಡೆ ಕಳೆದುಕೊಂಡ. ಊರ್ಗೆಂಚ್ ಮುತ್ತಿಗೆಯಲ್ಲಿ ಅಣ್ಣ ಜೋಚಿಗೂ ತಮ್ಮ ಚಗತಾಯ್‌ಗೂ ಹೊಂದಲಿಲ್ಲ, ತಿಂಗಳುಗಳು ಹಾಳಾದವು. ಅಪ್ಪ ಮೂರನೆಯವನಾದ ಓಗೆದೆಯ್‌ಗೆ ಇಬ್ಬರ ಮೇಲೂ ಅಧಿಕಾರ ಕೊಟ್ಟ ಮೇಲೆಯೇ 1221ರಲ್ಲಿ ಊರು ಬಿದ್ದದ್ದು. ಪರ್ವಾನ್ ಎಂಬಲ್ಲಿ ಮಂಗೋಲ್ ಸರದಾರ ಶಿಗಿ ಕುತುಕು ಜಲಾಲುದ್ದೀನನ ಕೈಲಿ ಸೋತ. ಶಿಗಿ ಕುತುಕುವಿಗೆ ಶಿಕ್ಷೆಯಾಗಲಿಲ್ಲ. ಚೆಂಗಿಸ್ ಆ ಕಣಕ್ಕೇ ಹೋಗಿ ಯಾರು ಎಲ್ಲಿ ನಿಂತಿದ್ದಿರಿ ಎಂದು ಕೇಳಿ, ಆರಿಸಿದ ಜಾಗವೇ ಸರಿಯಿಲ್ಲ ಎಂದು ತೋರಿಸಿಕೊಟ್ಟ. ಅಪ್ಪಣೆ ಮೀರಿದವನಿಗೂ ಲೆಕ್ಕ ತಪ್ಪಿದವನಿಗೂ ಒಂದೇ ನ್ಯಾಯ ಇರಲಿಲ್ಲ. ಗೆದ್ದ ಜಲಾಲುದ್ದೀನನ ಪಾಳಯ ಲೂಟಿಯ ಒಂದು ಕುದುರೆಯ ಜಗಳಕ್ಕೇ ಇಬ್ಭಾಗವಾಯಿತು. 1202ರ ಕಟ್ಟಳೆ ಅವನಲ್ಲಿರಲಿಲ್ಲ. ಆ ವರ್ಷ ನವೆಂಬರಿನಲ್ಲಿ ಸಿಂಧೂ ತೀರದಲ್ಲಿ ಸೋತು, ಕುದುರೆ ಸಮೇತ ಹೊಳೆಗೆ ಹಾರಿ ಈಚೆ ದಡ ಸೇರಿದ.

ಮುತ್ತಿಗೆಯ ವಿದ್ಯೆಯನ್ನು ಎರವಲು ತಂದರು. 1215ರಲ್ಲಿ ಇಂದಿನ ಬೀಜಿಂಗ್ ಇರುವ ಝೋಂಗ್ಡು ಬೀಳುವ ಹೊತ್ತಿಗೆ ಚೀನೀ ಕುಶಲಕರ್ಮಿಗಳು ಕೈಸೇರಿದ್ದರು. 1273ರಲ್ಲಿ ಶಿಯಾಂಗ್‌ಯಾಂಗ್ ಕೋಟೆ ಒಡೆಯಲು ಇರಾನಿನ ಕಡೆಯಿಂದ ಇಸ್ಮಾಯಿಲ್, ಅಲಾವುದ್ದೀನ್ ಎಂಬಿಬ್ಬರು ಬಂದು ಭಾರದ ಕವಣೆಯಂತ್ರ ಕಟ್ಟಿಕೊಟ್ಟರು. ಹಿಡಿದ ಊರಿನ ಗಂಡಸರನ್ನು ಎಣಿಸಿ, ಹತ್ತರ ಗುಂಪು ಮಾಡಿ, ಮುಂದಿನ ಊರಿನ ಕಂದಕ ತುಂಬಲು ಅಟ್ಟುತ್ತಿದ್ದರು. ಬಾಣಕ್ಕೆ ಮೊದಲು ಬೀಳುತ್ತಿದ್ದವರು ಅವರು.

ಒಡೆದ ಜಾಗ

ಈಗ ಆ 28,000. ಚೆಂಗಿಸ್ ಅನ್ಯರ ಕುಲಗಳನ್ನು ಒಡೆದ, ತನ್ನದನ್ನು ಒಡೆಯಲಿಲ್ಲ. ಮಕ್ಕಳು ತಮ್ಮಂದಿರಿಗೆ 'ಸಾವಿರ'ಗಳನ್ನು ಪಿತ್ರಾರ್ಜಿತ ಆಸ್ತಿಯಂತೆ ಪಾಲು ಹಾಕಿಕೊಟ್ಟ. ಜೋಚಿ, ಚಗತಾಯ್, ಓಗೆದೆಯ್‌ಗೆ ತಲಾ ನಾಲ್ಕು ಸಾವಿರ. ಹುಟ್ಟಿಗೆ ಬೆಲೆಯಿಲ್ಲ ಎಂದ ವ್ಯವಸ್ಥೆಯ ನೆತ್ತಿಯ ಮೇಲೆ ಹುಟ್ಟಿನ ಹಕ್ಕೇ ಕೂತಿತು.

ಮೊದಲ ಸಂಕಟ ಯುರೋಪಿನಲ್ಲೇ ಕಂಡಿತು. ಹಂಗೇರಿಯ ಮೋಹಿಯಲ್ಲಿ, 1241ರ ಏಪ್ರಿಲ್ 11ರಂದು, ಹೆಸರಿಗೆ ದಂಡನಾಯಕ ಜೋಚಿಯ ಮಗ ಬಾತು, ಕೆಲಸ ನಡೆಸುವವನು ಅರವತ್ತು ದಾಟಿದ ಸುಬುತಾಯ್. ಶಾಯೊ ನದಿಯ ಸೇತುವೆಯನ್ನು ಬಾತು ಕವಣೆಕಲ್ಲು ತೂರಿ ಬಿಡಿಸಿಕೊಂಡು ದಾಟಿದ. ಕೆಳಗಡೆ ಆಳ ನೀರಿನಲ್ಲಿ ಬೇರೆ ಸೇತುವೆ ಕಟ್ಟಿ ಹಿಂದಿನಿಂದ ಬರಬೇಕಿದ್ದ ಸುಬುತಾಯ್‌ನ ಕೆಲಸ ಮುಗಿದಿರಲಿಲ್ಲ. ಅಷ್ಟು ಹೊತ್ತು ಬಾತು ಒಂಟಿಯಾಗಿ ಏಟು ತಿಂದ, ಆಪ್ತ ಸರದಾರನನ್ನೂ ಕಳೆದುಕೊಂಡ. ಗೆದ್ದ ಮೇಲೆ ನೀನು ತಡಮಾಡಿದ್ದರಿಂದ ಹೀಗಾಯಿತು ಎಂದ. ಮೇಲುಹೊಳೆಯಲ್ಲಿ ಸೇತುವೆಯಿತ್ತು, ನೀರು ತೆಳುವಿತ್ತು, ನೀವು ದಾಟಿದಿರಿ, ನನ್ನದಿನ್ನೂ ಕಟ್ಟಿ ಆಗಿರಲಿಲ್ಲ ಎಂದು ಮುದುಕ ಉತ್ತರಿಸಿದ. ಬಾತು ಒಪ್ಪಿಕೊಂಡ. ಆದರೆ ಅದೇ ದಂಡಯಾತ್ರೆಯಲ್ಲಿ ಔತಣದಲ್ಲಿ ಮೊದಲ ಬಟ್ಟಲು ಯಾರದು ಎಂಬ ಜಗಳದಲ್ಲಿ ಓಗೆದೆಯ್‌ನ ಮಗ ಗೂಯುಕ್ ಬಾತುವಿನ ಮೇಲೆ ಕೂಗಾಡಿ ಎದ್ದುಹೋಗಿದ್ದ. ಆ ಹಗೆ ಆರಲೇ ಇಲ್ಲ.

ಇಪ್ಪತ್ತು ವರ್ಷದ ಮೇಲೆ ಬಿರುಕು ಬಾಯಿಬಿಟ್ಟಿತು. 1253ರಲ್ಲಿ ತೊಲುಯ್‌ನ ಮಗ ಹುಲಗು ಇರಾನಿಗೆ ಹೊರಟಾಗ ಇಡೀ ಸಾಮ್ರಾಜ್ಯದ ಪಡೆಗಳಿಂದ ಹತ್ತಕ್ಕೆ ಇಬ್ಬರಂತೆ ಎತ್ತಿ ಕೊಟ್ಟಿದ್ದರು. ಚೀನಾದಿಂದ ಕವಣೆಯಂತ್ರದವರ ಸಾವಿರ ಮನೆಗಳು, ಅವನ ದಾರಿಯ ಹುಲ್ಲುಗಾವಲಲ್ಲಿ ಮುಂಚಿತವಾಗಿ ಬೇರೆಯವರ ದನ ಮೇಯದಂತೆ ತಡೆ, ಎಲ್ಲ ಅಚ್ಚುಕಟ್ಟು. 1258ರಲ್ಲಿ ಬಾಗ್ದಾದ್ ಬಿತ್ತು. ಸಿರಿಯಾಕ್ಕೆ ಹೋದ ಮೇಲೆ ಹುಲ್ಲಿನ ಲೆಕ್ಕ ಕೈಕೊಟ್ಟಿತು. ಮುಖ್ಯ ಪಡೆಯನ್ನು ಹುಲಗು ಅಜರ್‌ಬೈಜಾನಿನ ಹುಲ್ಲುಗಾವಲಿಗೆ ಎಳೆದುಕೊಂಡ. ಮೇವು ತೀರಿದ್ದೂ ಕಾರಣವೆಂದು 1262ರಲ್ಲಿ ಫ್ರಾನ್ಸಿನ ದೊರೆಗೆ ಬರೆದ ಪತ್ರದಲ್ಲಿ ಅವನೇ ಹೇಳಿದ್ದಾನೆ. ಹಿಂದುಳಿದ ಸಣ್ಣ ಪಡೆಯೊಡನೆ ಅವನ ಸರದಾರ ಕಿತ್‌ಬುಕಾ 1260ರ ಸೆಪ್ಟೆಂಬರ್ 3ರಂದು ಐನ್ ಜಾಲೂತಿನಲ್ಲಿ ಈಜಿಪ್ಟಿನ ಮಮ್ಲೂಕರಿಗೆ ಸೋತು ಸತ್ತ. ಆ ಹೊತ್ತಿಗೆ ಮಹಾಖಾನ್ ಮೋಂಗ್ಕೆ ಸತ್ತು, ಪಟ್ಟಕ್ಕಾಗಿ ತಮ್ಮಂದಿರಾದ ಕುಬಿಲಾಯ್ ಮತ್ತು ಅರಿಕ್ ಬೋಕೆ ಕಾದಾಡುತ್ತಿದ್ದರು.

1262ರಲ್ಲಿ ಜೋಚಿಯ ಮನೆಯ ಬೆರ್ಕೆಗೂ ಹುಲಗುವಿಗೂ ಯುದ್ಧ. ಅಜರ್‌ಬೈಜಾನಿನ ಹುಲ್ಲು ಯಾರದು ಎಂಬುದೇ ಮುಖ್ಯ ತಕರಾರು. ಹತ್ತಕ್ಕೆ ಇಬ್ಬರಂತೆ ಬಂದಿದ್ದವರಲ್ಲಿ ಜೋಚಿ ಪಾಲಿನವರು ಹುಲಗುವಿನ ಪಾಳಯದಲ್ಲಿ ಏಕಾಏಕಿ ಶತ್ರುಗಳಾದರು. ಕೆಲವರು ಮಮ್ಲೂಕರ ಆಶ್ರಯಕ್ಕೆ ಓಡಿದರು. ಕೆಲವರು ಖುರಾಸಾನ್ ದಾಟಿ ಘಜ್ನಿಯ ಬೆಟ್ಟಸೀಮೆಗೆ ಬಂದು ನೆಲೆಯೂರಿ ನೆಗೂದರಿಗಳೆನಿಸಿಕೊಂಡರು.

ಭಾರತದ ಮೇಲಿನ ದಾಳಿಗಳಿಗೆ ಆ ಸೀಮೆಯೇ ಮೆಟ್ಟಿಲಾಯಿತು. 1299ರಲ್ಲಿ ಚಗತಾಯ್ ಮನೆಯ ಕುತ್ಲುಗ್ ಖ್ವಾಜಾ ಅಲ್ಲಿಂದ ದೆಹಲಿಯ ಹತ್ತಿರದ ಕೀಲಿಯವರೆಗೆ ಬಂದ. ಅಲಾವುದ್ದೀನ್ ಖಿಲ್ಜಿಯ ಶೂರ ಸರದಾರ ಜಫರ್ ಖಾನ್ ಅಪ್ಪಣೆಗೆ ಕಾಯದೆ ಮುನ್ನುಗ್ಗಿ, ಓಡುವಂತೆ ನಟಿಸಿದವರನ್ನು ಹರದಾರಿಗಟ್ಟಲೆ ಬೆನ್ನಟ್ಟಿ, ಹಿಂದಿನಿಂದ ಸುತ್ತುವರಿದ ಪಡೆಗೆ ಸಿಕ್ಕಿ ಸತ್ತ. 1223ರಲ್ಲಿ ಕಲ್ಕಾ ನದಿಯ ಬಳಿ ರಷ್ಯನ್ ಅರಸರು ಬಿದ್ದದ್ದೂ ಇದೇ ಬಲೆಗೆ. 1303ರಲ್ಲಿ ಮಂಗೋಲ್ ಸರದಾರ ತರ್ಗಿ ದೆಹಲಿಗೇ ಮುತ್ತಿಗೆ ಹಾಕಿದಾಗ ಅಲಾವುದ್ದೀನ್ ಸಿರಿಯಲ್ಲಿ ಕಂದಕ ತೋಡಿ ಕೂತು ಎರಡು ತಿಂಗಳು ದೂಡಿದ. ಎದುರಾಳಿ ಒಂದೇ ಜಾಗದಲ್ಲಿ ಹೆಚ್ಚುಕಾಲ ನಿಲ್ಲಲಾರ ಎಂಬುದಷ್ಟೇ ಅವನ ಬಂಡವಾಳ. ತರ್ಗಿ ಹೊರಟುಹೋದ.

ಆಮೇಲೆ ಸುಲ್ತಾನ ಗಡಿಕೋಟೆಗಳನ್ನು ದುರಸ್ತಿ ಮಾಡಿಸಿದ, ದೀಪಾಲ್‌ಪುರ ಮತ್ತು ಸಮಾನಾದಲ್ಲಿ ಕಾಯಂ ದಂಡು ಇಟ್ಟ, ಸವಾರನಿಗೆ ವರ್ಷಕ್ಕೆ 234 ಟಂಕ ನಗದು ಸಂಬಳ ಗೊತ್ತುಮಾಡಿದ, ಲೆಕ್ಕಕ್ಕೆ ಒಂದೇ ಕುದುರೆಯನ್ನು ಎರಡು ಸಲ ತೋರಿಸುವ ಮೋಸ ತಡೆಯಲು ಕುದುರೆಗೆ ಬರೆ ಹಾಕಿಸಿ ಸಿಪಾಯಿಯ ಚಹರೆ ಬರೆಸಿದ. 1306ರ ಹೊತ್ತಿಗೆ ಮಂಗೋಲರ ದೊಡ್ಡ ದಾಳಿಗಳು ನಿಂತವು. ಅವರಿಗಾಗಿ ಕಟ್ಟಿದ ದಂಡಿಗೆ ಸಂಬಳ ಕೊಡುವುದು ನಿಲ್ಲಲಿಲ್ಲ. 1311ರ ಫೆಬ್ರವರಿಯಲ್ಲಿ ಮಲಿಕ್ ಕಾಫೂರನೊಡನೆ ದೋರಸಮುದ್ರದ ಕೋಟೆಯೆದುರು ಬಂದಿಳಿದು, ಮೂರನೆಯ ವೀರಬಲ್ಲಾಳನಿಂದ ಆನೆ, ಕುದುರೆ, ಭಂಡಾರ ಕಿತ್ತುಕೊಂಡದ್ದು ಆ ದಂಡೇ.